ಕರೆಂಟಿಲ್ಲದ ತಂತಿ

ಕೆಲವು ವರ್ಷಗಳ ಹಿಂದೆ ಮಳವಳ್ಳಿಯಲ್ಲಿ ನಾವೇ ಒಂದು ರಾತ್ರಿ ಮಂಟೇಸ್ವಾಮಿ ಕಥೆ ಏರ್ಪಡಿಸಿದ್ದೆವು. ಶಾಮಿಯಾನ, 300 ಕುರ್ಚಿ, ವೇದಿಕೆಯ ಎರಡು ಬದಿಗೂ ಆಳೆತ್ತರದ ಸ್ಪೀಕರು. ಕಥೆ ಮಾಡುವ ಹಿರಿಯ ನೀಲಗಾರರು ಕೂತು ಬಿರಡೆ ತಿರುಗಿಸಿ ತಂಬೂರಿ ಕೂಡಿಸುತ್ತಿದ್ದರು. ಆಗ ಮೈಕಿನ ಹುಡುಗ ಬಂದು ವಾದ್ಯದ ಸದ್ದು ಹಿಡಿದು ಸ್ಪೀಕರಿಗೆ ಕಳಿಸುವ, ನಾಲ್ಕಾಣೆ ಬಿಲ್ಲೆಯಷ್ಟಗಲದ ಪಿಕಪ್ಪನ್ನು ಬುರುಡೆಗೆ ಅಂಟಿಸಿ ಮೇಲೆ ಕಪ್ಪು ಟೇಪು ಸುತ್ತಿದ. ಹಿರಿಯರು ನನ್ನ ಕಡೆ ತಿರುಗಿ, “ಬುದ್ಧಿ, ಇದ್ಕೆ ಏನೂ ಕಟ್ಬ್ಯಾಡಿ. ಜನಾನೇ ವಸಿ ಮುಂದಕ್ ಬಂದು ಕೂತ್ಕೊಳ್ಳಾಕೆ ಹೇಳಿ” ಅಂದರು. ನಾನು ತಲೆಯಾಡಿಸಿದೆ, ಆದರೆ ಟೇಪು ಬಿಚ್ಚಿಸಲಿಲ್ಲ. ಹಿಂದಿನ ಸಾಲಿನವರಿಗೆ ಕೇಳಬೇಡವೇ ಎಂಬ ಯೋಚನೆ ನನ್ನದು.

ತಂಬೂರಿಯ ನಾಲ್ಕು ತಂತಿಯೂ ಒಂದೇ ತಗಡಿನ ಸದ್ದಾಗಿ ಸ್ಪೀಕರಿನಿಂದ ಹೊರಬಂತು. ಗಗ್ಗರದ ಝಣಝಣ ಕಿವಿಗೆ ಚುಚ್ಚಿತು. ಅವರು ಕೊರಳು ತಗ್ಗಿಸಿದರೆ ಹುಡುಗ ಗುಬಟು ತಿರುಗಿಸಿ ಏರಿಸುತ್ತಿದ್ದ, ಅವರು ಏರಿಸಿದರೆ ಅವನು ತಗ್ಗಿಸುತ್ತಿದ್ದ. ಕಥೆಯ ಏರಿಳಿತ ಕಥೆಗಾರನ ಕೈತಪ್ಪಿ ಮೇಜಿನ ಮುಂದೆ ಕೂತಿದ್ದವನ ಕೈಗೆ ಹೋಗಿತ್ತು. ಸ್ಪೀಕರಿಗೆ ಇದ್ದ ಅನುಮತಿ ರಾತ್ರಿ 10ರವರೆಗೆ. ಹತ್ತಕ್ಕೆ ಅದು ನಿಂತಿತು, ಬಹುಪಾಲು ಜನ ಎದ್ದರು. ಉಳಿದವರು ನಲವತ್ತು ಮಂದಿ ಇರಬಹುದು. ಕುರ್ಚಿ ಬಿಟ್ಟು ವೇದಿಕೆಯ ಮೇಲೇ ಹತ್ತಿ, ಹಿರಿಯರ ಮಂಡಿಗೆ ಮಂಡಿ ತಾಕುವಷ್ಟು ಹತ್ತಿರ ಕೂತರು. ಹಿರಿಯರು ಟೇಪು ಕಿತ್ತು ಪಕ್ಕಕ್ಕಿಟ್ಟು, ಇನ್ನೊಮ್ಮೆ ತಂಬೂರಿ ಕೂಡಿಸಿಕೊಂಡು, ಕಥೆಯ ಒಂದು ಭಾಗವಾದ ಸಿದ್ದಪ್ಪಾಜಿ ಸಾಲು ಎತ್ತಿದರು. ಅಲ್ಲಿಂದ ಕೋಳಿ ಕೂಗುವವರೆಗೆ ನಾನು ಕೇಳಿದ್ದೇ ತಂಬೂರಿ.

ಮಂಡ್ಯ, ಮದ್ದೂರು, ಮಳವಳ್ಳಿಗಳ ಹಾಡುಪಾಡು ನೋಡಿ ಬರೆಯುತ್ತ 20 ವರ್ಷವಾಯಿತು. ಹಿಂತಿರುಗಿ ನೋಡುವ ಈ ಹೊತ್ತಿನಲ್ಲಿ ಮೊದಲು ನೆನಪಾಗುವುದು ಆ ರಾತ್ರಿಯೇ. ಏಕೆಂದರೆ ನಾನು ಮಾಡಿದ್ದು ತಿಳಿಯದೆ ಮಾಡಿದ ತಪ್ಪಲ್ಲ. ಪಿಕಪ್ ಅಂಟಿಸಿದರೆ ವಾದ್ಯಕ್ಕೆ ಏನಾಗುತ್ತದೆ ಎಂಬುದು ನನಗೆ ನನ್ನ ಮನೆಯಲ್ಲೇ ಪಾಠವಾಗಿತ್ತು.

ನನ್ನಲ್ಲಿ ಒಂದು ಆರ್ಚ್‌ಟಾಪ್ ಗಿಟಾರಿದೆ. ಕಂಡಿರದವರಿಗಾಗಿ ಹೇಳುತ್ತೇನೆ: ಪಿಟೀಲಿನ ಹಾಗೆ ಮೇಲ್ಹಲಗೆ ಉಬ್ಬಿಕೊಂಡು, ಎರಡು ಬದಿಗೂ ಇಂಗ್ಲಿಷಿನ ಎಫ್ ಅಕ್ಷರದಂಥ ಕಿಂಡಿಗಳಿರುವ ಗಿಟಾರು. ಮಾಮೂಲಿ ಗಿಟಾರಿನ ಹಲಗೆ ಚಪ್ಪಟೆ, ನಡುವೆ ದುಂಡು ಕಿಂಡಿ. ತಂತಿಗಳನ್ನು ಆ ಹಲಗೆಗೆ ಅಂಟಿಸಿದ ಪಟ್ಟಿಗೇ ಸಿಕ್ಕಿಸಿರುತ್ತಾರೆ. ಆರ್ಚ್‌ಟಾಪಿನಲ್ಲಿ ತಂತಿಗಳನ್ನು ವಾದ್ಯದ ಬುಡಕ್ಕೆ ಕಟ್ಟಿ, ಅಂಟಿಲ್ಲದೆ ನಿಂತ, ಕುದುರೆ ಎಂದು ಕರೆಯುವ ಮರದ ತುಂಡಿನ ಬೆನ್ನ ಮೇಲೆ ಹಾಯಿಸಿರುತ್ತಾರೆ. ತಂತಿ ಕುದುರೆಯನ್ನು ಅದುಮುತ್ತದೆ, ಕುದುರೆ ಹಲಗೆಯನ್ನು ಅದುಮುತ್ತದೆ. ಆ ಭಾರ ತಡೆಯಲೆಂದೇ ಹಲಗೆ ನಾಡಹೆಂಚಿನ ಬೆನ್ನಿನಂತೆ ಬಾಗಿದೆ. ಒಳ್ಳೆಯ ಆರ್ಚ್‌ಟಾಪಿನಲ್ಲಿ ಈ ಉಬ್ಬನ್ನು ಒತ್ತಿ ಬಗ್ಗಿಸಿರುವುದಿಲ್ಲ. ದಪ್ಪ ಸ್ಪ್ರೂಸ್ ದಿಮ್ಮಿಯನ್ನು ಉಳಿಯಲ್ಲಿ ಕೆತ್ತಿ, ಬೆರಳಲ್ಲಿ ತಟ್ಟಿ ತಟ್ಟಿ ಕೇಳುತ್ತ, ಅಂಚಿನಲ್ಲಿ ತೆಳ್ಳಗೆ, ನಡುವೆ ಕೊಂಚ ದಪ್ಪಗೆ ಇಳಿಸಿರುತ್ತಾರೆ.

ಮೀಟಿದೊಡನೆ ಇದು ಮಾತಾಡಿಬಿಡುತ್ತದೆ. ನಾದ ಬಹಳ ಹೊತ್ತು ತೂಗುವುದಿಲ್ಲ, ಹೇಳಬೇಕಾದ್ದನ್ನು ಹೇಳಿ ಆರುತ್ತದೆ. ಬೆರಳ ತುದಿಯಿಂದ ಸವರಿದರೆ ಒಂದು ಬಣ್ಣ, ಉಗುರು ತಾಗಿದರೆ ಇನ್ನೊಂದು, ಕುದುರೆಯ ಹತ್ತಿರ ಮೀಟಿದರೆ ಮತ್ತೊಂದು. ಕೈ ಸೋಮಾರಿಯಾದರೆ ವಾದ್ಯವೂ ಮಂಕಾಗುತ್ತದೆ. ಎದೆಗವಚಿ ಕೂತಾಗ ಹಿಂಬದಿಯ ಮೇಪಲ್ ಹಲಗೆ ಪಕ್ಕೆಲುಬಿಗೆ ನಡುಗುವುದು ಗೊತ್ತಾಗುತ್ತದೆ. ಈ ವಾದ್ಯವನ್ನು ಅರ್ಧ ಕಿವಿಯಿಂದ, ಅರ್ಧ ಮೈಯಿಂದ ಕೇಳಬೇಕು.

ಪಿಕಪ್ ಹಾಕಿಸು ಎಂದು ನನಗೆ ಹೇಳಿದವರು ಅನೇಕರು. ನಾನು ಹಾಕಿಸಲಿಲ್ಲ, ಅದಕ್ಕೆ ಕಾರಣವಿದೆ. ಅಯಸ್ಕಾಂತಕ್ಕೆ ತಾಮ್ರದ ತಂತಿ ಸುತ್ತಿ ಮಾಡಿದ ಪಿಕಪ್ ಕೇಳಿಸಿಕೊಳ್ಳುವುದು ಮುಖ್ಯವಾಗಿ ಉಕ್ಕಿನ ತಂತಿಯ ಅಲುಗಾಟವನ್ನು. ಆ ಅಲುಗಾಟದಿಂದ ಮರ ಏನು ಮಾಡಿತು, ಒಳಗಿನ ಗಾಳಿ ಏನು ಮಾಡಿತು, ಕಿಂಡಿಯಿಂದ ಏನು ಹೊರಬಂತು ಎಂಬುದು ಅದಕ್ಕೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಜೊತೆಗೆ ಅದನ್ನು ಕೂರಿಸಲು ಕೆತ್ತಿದ ಹಲಗೆಯನ್ನೇ ಕೊರೆಯಬೇಕು. ಪಿಕಪ್ಪಿನ ಭಾರ ಬಿದ್ದ ಹಲಗೆ ಮೊದಲಿನಷ್ಟು ಸಲೀಸಾಗಿ ಕಂಪಿಸುವುದಿಲ್ಲ. ಹಲಗೆ ಮುಟ್ಟದೆ ತೂಗಿಬಿಡುವ ಪಿಕಪ್ಪುಗಳು ಹುಟ್ಟಿದ್ದು ಈ ಸಂಕಟದಿಂದಲೇ. ಇನ್ನು ಮೈಗೆ ಅಂಟಿಸುವ ಬಿಲ್ಲೆ ಕೇಳುವುದು ತಾನು ಅಂಟಿದ ಒಂದೇ ಜಾಗವನ್ನು. ಮನೆಯ ಒಂದೇ ಗೋಡೆಗೆ ಕಿವಿ ಇಟ್ಟು ಮನೆಮಂದಿಯ ಮಾತೆಲ್ಲ ಕೇಳಿದೆ ಅಂದರೆ ಆದೀತೇ? ತಂಬೂರಿಗೆ ನಾವು ಮಾಡಿದ್ದು ಅದನ್ನೇ.

ಆರ್ಚ್‌ಟಾಪಿಗೂ ಮಳವಳ್ಳಿ ತಾಲ್ಲೂಕಿಗೂ ಒಂದು ಇಸವಿಯ ನಂಟಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕಿನಿಂದ ತೆಗೆದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. 1940ರಲ್ಲಿ ಇದೇ ತಾಲ್ಲೂಕಿನ ಶಿಂಷಾ ಕೇಂದ್ರವೂ ಶುರುವಾಯಿತು. ಅದೇ 1902ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದ ಕ್ಯಾಲಮಜೂ ಎಂಬ ಊರಿನಲ್ಲಿ ಗಿಬ್ಸನ್ ಕಂಪನಿ ಆರಂಭವಾಯಿತು. ಪಿಟೀಲಿನಂತೆ ಹಲಗೆ ಕೆತ್ತಿ ಮ್ಯಾಂಡೊಲಿನ್, ಗಿಟಾರು ಮಾಡುವ ದಾರಿ ಹುಡುಕಿ, 1898ರಲ್ಲಿ ಪೇಟೆಂಟ್ ಪಡೆದಿದ್ದ ಆರ್ವಿಲ್ ಗಿಬ್ಸನ್ ಹೆಸರಿನ ಕಂಪನಿ ಅದು. 1922ರಲ್ಲಿ ಅಲ್ಲಿ ಲಾಯ್ಡ್ ಲೋರ್ ಕೈಯಲ್ಲಿ ಎಲ್-5 ಎಂಬ ಗಿಟಾರು ರೂಪುಗೊಂಡಿತು. ಎಫ್ ಕಿಂಡಿಯ ಗಿಟಾರು ಅಲ್ಲಿಂದ ಹರಡಿತು.

ಗಿಟಾರು ಯಾಕೆ ಉಬ್ಬಿತು ಅಂದರೆ, ಕರೆಂಟಿಲ್ಲದೆ ಕೇಳಿಸಬೇಕಾಗಿತ್ತು. ಜಾಝ್ ತಂಡಗಳಲ್ಲಿ ಟ್ರಂಪೆಟ್ಟು, ಸ್ಯಾಕ್ಸೊಫೋನು, ಡ್ರಮ್ಮುಗಳ ನಡುವೆ ಆರು ತಂತಿಯ ವಾದ್ಯ ಮುಳುಗಿಹೋಗುತ್ತಿತ್ತು. ಅದಕ್ಕೇ ವರ್ಷದಿಂದ ವರ್ಷಕ್ಕೆ ಗಿಟಾರಿನ ಮೈ ಅಗಲವಾಯಿತು. ಗಿಬ್ಸನ್ ಕಂಪನಿಯ 1934ರ ಸೂಪರ್ 400 ಬರೋಬ್ಬರಿ 18 ಇಂಚು ಅಗಲ. ನ್ಯೂಯಾರ್ಕಿನ ಜಾನ್ ಡಿ’ಆಂಜೆಲಿಕೊ ತನ್ನ ಸಣ್ಣ ಅಂಗಡಿಯಲ್ಲಿ ಇಂಥ ಗಿಟಾರುಗಳನ್ನು ಒಂದೊಂದಾಗಿ ಕೆತ್ತಿದ. 1936ರಲ್ಲಿ ಗಿಬ್ಸನ್ನಿನ ಪಿಕಪ್ ಇರುವ ಇಎಸ್-150 ಮಾರುಕಟ್ಟೆಗೆ ಬಂತು. 1939ರಲ್ಲಿ ಚಾರ್ಲಿ ಕ್ರಿಶ್ಚಿಯನ್ ಬೆನ್ನಿ ಗುಡ್‌ಮನ್ ತಂಡ ಸೇರಿ ಗಿಟಾರನ್ನು ಗಾಳಿವಾದ್ಯಗಳ ಸಮಕ್ಕೆ ನಿಲ್ಲಿಸಿದ. ಅಲ್ಲಿಗೆ ಉಬ್ಬಿದ ಹಲಗೆಯ ಕೆಲಸ ಮುಗಿಯಿತು ಎಂದೇ ಬಹಳ ಜನ ತಿಳಿದರು. ಮುಗಿಯಲಿಲ್ಲ. ಕೌಂಟ್ ಬೇಸಿ ತಂಡದಲ್ಲಿ ಫ್ರೆಡ್ಡಿ ಗ್ರೀನ್ 1937ರಿಂದ 1987ರಲ್ಲಿ ತೀರಿಕೊಳ್ಳುವವರೆಗೆ, ಐವತ್ತು ವರ್ಷ, ವೈರಿಲ್ಲದ ಆರ್ಚ್‌ಟಾಪ್ ಹಿಡಿದು ತಾಳದ ನಾಲ್ಕು ಪೆಟ್ಟಿಗೂ ತಪ್ಪದೆ ನುಡಿಸಿದ. ಒಂಟಿಯಾಗಿ ಮೆರೆಯಲು ಹೋಗಲೇ ಇಲ್ಲ. ಸಾರಿನೊಳಗಿನ ಉಪ್ಪಿನಂತೆ ಇಡೀ ತಂಡದಲ್ಲಿ ಕರಗಿದ್ದ. ಆ ತಂಡದ ಧ್ವನಿಮುದ್ರಣಗಳನ್ನು ಕೇಳಿದವರಿಗೆ ಈ ಮಾತು ತಿಳಿಯುತ್ತದೆ.

ನಮ್ಮ ದೇಶಕ್ಕೂ ಈ ವಾದ್ಯ ಬಂದು ಬೇರೆಯೇ ಹುಟ್ಟು ಪಡೆಯಿತು. ಬ್ರಿಜ್‌ಭೂಷಣ್ ಕಾಬ್ರಾ ಅದನ್ನು ತೊಡೆಯ ಮೇಲಿಟ್ಟು ಹಿಂದೂಸ್ತಾನಿ ರಾಗ ನುಡಿಸಿದರು. ವಿಶ್ವಮೋಹನ್ ಭಟ್ಟರ ಮೋಹನವೀಣೆಯೂ ಮೂಲದಲ್ಲಿ ಆರ್ಚ್‌ಟಾಪೇ. ರೈ ಕೂಡರ್ ಜೊತೆ ಅವರು ಅದನ್ನು ನುಡಿಸಿದ ಆಲ್ಬಮ್ಮಿಗೆ 1994ರಲ್ಲಿ ಗ್ರ್ಯಾಮಿ ಬಂತು. ಇಷ್ಟು ಹೇಳಿ ಊರಿಗೆ ಬರುತ್ತೇನೆ, ಏಕೆಂದರೆ ಸದ್ದು ಸಾಲದ ಇದೇ ಸಂಕಟಕ್ಕೆ ನಮ್ಮ ಪಕ್ಕದ ಊರಿನವರೊಬ್ಬರು ಆರ್ಚ್‌ಟಾಪಿನ ಸುದ್ದಿ ಇಲ್ಲದೆಯೇ ಉತ್ತರ ಕಂಡಿದ್ದರು.

ಮಳವಳ್ಳಿಯಿಂದ ತಿ. ನರಸೀಪುರದ ರಸ್ತೆ ಹಿಡಿದರೆ ಸಿಗುವ ತಿರುಮಕೂಡಲಿನವರು ಪಿಟೀಲು ಚೌಡಯ್ಯ. ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕಿಲ್ಲದ ಕಚೇರಿಗಳಲ್ಲಿ ಕೊನೆಯ ಸಾಲಿನವನಿಗೆ ಪಿಟೀಲು ಕೇಳಿಸುತ್ತಿಲ್ಲ ಎಂಬ ಕೊರಗು ಅವರನ್ನು ಕಾಡಿತು. ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಕೂಡಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಒಂದೇ ಸ್ವರವನ್ನು ಜೋಡಿ ತಂತಿ ಬೇರೆ ಬೇರೆ ಸ್ಥಾಯಿಯಲ್ಲಿ ನುಡಿದಾಗ ನಾದ ದಪ್ಪವಾಯಿತು, ದೂರ ಹೋಯಿತು. ಜೋಡಿ ತಂತಿಯ ಮೇಲೆ ಒಂದೇ ಬೆರಳಿಟ್ಟು ಅಪಶ್ರುತಿಯಾಗದಂತೆ ಗಮಕ ಎಳೆಯುವ ಕಷ್ಟ ಏನೆಂದು ಪಿಟೀಲು ಹಿಡಿದವರಿಗೇ ಗೊತ್ತು. ಸದ್ದು ಸಾಲದಾದಾಗ ಅವರು ವಾದ್ಯದ ಒಳಗೇ, ತಮ್ಮ ಬೆರಳಿನ ಒಳಗೇ ದಾರಿ ಹುಡುಕಿದರು. ನನಗೆ ಚೌಡಯ್ಯನವರ ಮೇಲಿನ ಗೌರವದಲ್ಲಿ ಅರ್ಧ ಪಾಲು ಅವರ ಸಂಗೀತಕ್ಕೆ, ಅರ್ಧ ಪಾಲು ಈ ಹಟಕ್ಕೆ. 1967ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕಚೇರಿಗೆಲ್ಲ ಮೈಕು ಬಂದಾಗಿತ್ತು. ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಭವನವೇ ಎದ್ದಿತು. ಏಳು ತಂತಿಯ ಪಿಟೀಲು ಹಿಡಿಯುವ ಕೈಗಳು ಮಾತ್ರ ಹೆಚ್ಚಲಿಲ್ಲ.

ಈಗ ತಂಬೂರಿಯ ಲೆಕ್ಕ. ಮಂಟೇಸ್ವಾಮಿ ಐಕ್ಯವಾದ ಬೊಪ್ಪೇಗೌಡನಪುರ ಮಳವಳ್ಳಿ ತಾಲ್ಲೂಕಿನದೇ. ಅವರ ಶಿಷ್ಯರಾದ ಸಿದ್ದಪ್ಪಾಜಿಯ ಚಿಕ್ಕಲ್ಲೂರು, ರಾಚಪ್ಪಾಜಿಯ ಕಪ್ಪಡಿ ಆಚೀಚಿನ ಜಿಲ್ಲೆಗಳಲ್ಲಿವೆ. ಈ ಸೀಮೆಯ ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ, ತಾಳ ಹಿಡಿದು ಸಾಲು ಸಾಲಾಗಿ ಇಡೀ ರಾತ್ರಿ ಹಾಡುವ ಕಾವ್ಯ ಕನ್ನಡದ ಬಹುದೊಡ್ಡ ಬಾಯಿಮಾತಿನ ಕಾವ್ಯಗಳಲ್ಲಿ ಒಂದು. ಅದರಲ್ಲಿ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋಗುವುದು ಹಲಗೂರಿನ ಪಾಂಚಾಳರ ಬಳಿಗೆ. ಹಲಗೂರು ಮಳವಳ್ಳಿಯಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಇವತ್ತೂ ಬಸ್ಸು ನಿಲ್ಲುವ ಊರು. ಕಬ್ಬಿಣ ಬೇಡುವ ಈ ಕಥೆಯನ್ನು ಉಕ್ಕಿನ ತಂತಿ ಮೀಟುತ್ತ ಹಾಡುತ್ತಾರೆ ಎಂಬುದು ನನಗೆ ಹೊಳೆದದ್ದು ಆ ರಾತ್ರಿ, ಹತ್ತು ಗಂಟೆಯ ನಂತರ. ಸ್ಪೀಕರಿನಲ್ಲಿ ಕೇಳಿದ್ದರೆ ತಂತಿ ಉಕ್ಕಿನದೆಂದು ಗೊತ್ತಾಗುತ್ತಿರಲಿಲ್ಲ.

ತಂಬೂರಿಯ ಸದ್ದು ಚಿಕ್ಕದು. ಬಯಲಲ್ಲಿ ದೂರ ಎರಡರಷ್ಟಾದರೆ ಸದ್ದಿನ ತೀವ್ರತೆ ನಾಲ್ಕನೇ ಒಂದು ಪಾಲಿಗೆ ಇಳಿದುಹೋಗುತ್ತದೆ. ಇದು ಪ್ರಕೃತಿಯ ಲೆಕ್ಕ, ಯಾರೂ ಬದಲಿಸಲಾಗದು. ಹಟ್ಟಿಯಂಗಳದಲ್ಲಿ ಕಥೆಗೆ ಕೂರುವವರು ಈ ಲೆಕ್ಕ ಓದಿಲ್ಲ, ಆದರೂ ಅದರಂತೆಯೇ ಕೂರುತ್ತಾರೆ: ಮುದುಕರು ಮುಂದೆ, ಮಕ್ಕಳು ತೊಡೆಯ ಮೇಲೆ, ಹೆಂಗಸರು ಗೋಡೆಗೊರಗಿ, ಹದಿಹರೆಯದವರು ಜಗಲಿಯ ಅಂಚಿಗೆ. ಅದಕ್ಕೂ ಆಚೆ ನಿಂತವನಿಗೆ ಕೇಳದು, ಅವನು ಒಳಗೆ ಬರಲೇಬೇಕು. ಎದುರಿಗಿರುವವರು ತೂಕಡಿಸಿದರೆ ಹಾಡುವವರಿಗೆ ಕಾಣುತ್ತದೆ. ಸೊಲ್ಲು ಹೇಳುವವರ ಉಸಿರು ಕೂಡ ಕೇಳುತ್ತದೆ. ಕೇಳುವವರು ಹೂಂಗುಟ್ಟುವುದು ಹಾಡುವವರ ಕಿವಿಗೆ ಬೀಳುತ್ತದೆ. ಧ್ವನಿವರ್ಧಕ ಬಂದಾಗ ಹೋಗುವುದು ಇದೇ: ಕೇಳುವವನ ಸದ್ದು ಹಾಡುವವನಿಗೆ ಮುಟ್ಟುವುದಿಲ್ಲ.

ನಾಟಕದಲ್ಲಿ ಆದದ್ದೂ ಬೇರೆಯಲ್ಲ. ಮಂಡ್ಯ, ಮದ್ದೂರು ಸುತ್ತಿನ ಹಳ್ಳಿಗಳಲ್ಲಿ ಕುರುಕ್ಷೇತ್ರ ಆಡುವುದು ಇವತ್ತಿಗೂ ಊರ ಹಬ್ಬ. ರೈತರು, ಮೇಷ್ಟ್ರುಗಳು, ಬಸ್ ಕಂಡಕ್ಟರುಗಳು ತಿಂಗಳುಗಟ್ಟಲೆ ಕಂದಪದ್ಯ ಕಲಿತು, ಸೀನರಿ ಬಾಡಿಗೆಗೆ ತಂದು, ಸ್ವಂತ ದುಡ್ಡು ಹಾಕಿ ಆಡುತ್ತಾರೆ. ವೇದಿಕೆಯ ಮೇಲಿನಿಂದ ಮೂರು ಮೈಕು ಇಳಿಬಿಟ್ಟಿರುತ್ತಾರೆ. ಭೀಮ ಬಂದರೂ ಆ ಮೈಕಿನ ಕೆಳಗೆ, ದುರ್ಯೋಧನ ಬಂದರೂ ಅಲ್ಲೇ, ದ್ರೌಪದಿ ಅಳುವುದೂ ಅಲ್ಲೇ. ಪಾತ್ರಗಳ ನಡೆಯನ್ನು ನಾಟಕದ ಮೇಷ್ಟ್ರು ಹೇಳಿಕೊಡುವ ಕಾಲ ಹೋಗಿ, ವೈರಿನ ಉದ್ದ ಹೇಳಿಕೊಡುವ ಕಾಲ ಬಂದಿದೆ. ಹಾರ್ಮೋನಿಯಂ ಜಾಗಕ್ಕೆ ಕೀಬೋರ್ಡು ಬಂದಿದೆ. ಅದರ ಮುಂದೆ ತೆರೆದ ಗಂಟಲಿನಲ್ಲಿ ಹಾಡುವವನ ದನಿಯೂ ಸಪ್ಪೆ ಅನ್ನಿಸುತ್ತದೆ.

ಇಷ್ಟರಿಂದಲೇ ಮೈಕಿನ ಮೇಲೆ ತೀರ್ಪು ಕೊಟ್ಟುಬಿಟ್ಟರೆ ಸುಳ್ಳಾಗುತ್ತದೆ. ಜಮೆಯ ಪುಟವನ್ನೂ ತೆರೆಯಬೇಕು, ಆ ಪುಟ ಚಿಕ್ಕದೇನಲ್ಲ.

ಹತ್ತಿರ ಬಂದು ಕೂತು ಕೇಳಿ ಎಂದೆ. ಹತ್ತಿರ ಬಂದು ಕೂರಲು ಯಾರಿಗೆ ಬಿಡುತ್ತಿದ್ದರು? ನೀಲಗಾರರಲ್ಲಿ ದಲಿತರು ಬಹಳ. ಅವರನ್ನು ಕರೆದು ಕಥೆ ಮಾಡಿಸದ ಬೀದಿಗಳು ನಮ್ಮ ಊರುಗಳಲ್ಲಿ ಇದ್ದವು. ಕರೆದರೂ ಹೊರಗೆ ಕೂರಿಸಿದ ಜಗಲಿಗಳಿದ್ದವು. ಹಟ್ಟಿಯಂಗಳದಲ್ಲಿ ನಡೆದ ಕಥೆಗೆ ಮೇಲಿನ ಬೀದಿಯವರು ಬಂದು ಕೂರುತ್ತಿರಲಿಲ್ಲ. ಮೈಕು ಕಟ್ಟಿದ ರಾತ್ರಿ ತಂಬೂರಿ ಕರೆಯದೆಯೇ ಆ ಬೀದಿಗೂ ಹೋಯಿತು, ಬಾಗಿಲು ಹಾಕಿಕೊಂಡ ಮನೆಯೊಳಕ್ಕೂ ನುಗ್ಗಿತು. ಆಮೇಲೆ ಕ್ಯಾಸೆಟ್ ಬಂತು. ಮಳವಳ್ಳಿ ಮಹದೇವಸ್ವಾಮಿಯವರ ದನಿ ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ, ಆಲೆಮನೆಯಲ್ಲಿ, ಗದ್ದೆಯ ಪಂಪ್‌ಸೆಟ್ ಮನೆಯಲ್ಲಿ ಕೇಳತೊಡಗಿತು. ಜಾತಿ ಕೇಳದೆ ಜನ ಕಥೆ ಕೇಳಿದರು. ಇದು ಸಣ್ಣ ಗಳಿಕೆಯಲ್ಲ. ಮೈಕಿಲ್ಲದ ಕಾಲವನ್ನು ಹೊಗಳುವಾಗ ಈ ಮಾತು ಮರೆಯುವವರ ಜೊತೆ ನಾನಿಲ್ಲ.

ಧ್ವನಿಮುದ್ರಣವನ್ನೂ ಜಮೆಗೇ ಹಾಕುತ್ತೇನೆ. ನಾಗಮಂಗಲ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು, ಅದೇ ತಾಲ್ಲೂಕಿನ ಜೀ.ಶಂ. ಪರಮಶಿವಯ್ಯನವರು ಊರೂರು ತಿರುಗಿ ಹಾಡುಗಾರರ ಎದುರು ಕೂತು ಕೇಳಿ, ಬರೆದು, ಮುದ್ರಿಸಿಕೊಂಡರು. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಆ ಯಂತ್ರಗಳು ಹಾಡುವವರ ಸದ್ದನ್ನು ಹಿಗ್ಗಿಸಲು ಹೋಗಲಿಲ್ಲ, ಇದ್ದಷ್ಟನ್ನು ಹಿಡಿದಿಟ್ಟುಕೊಂಡವು. ಈ ವ್ಯತ್ಯಾಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ವಾದ್ಯದಿಂದ ಮಾರು ದೂರ ಇಟ್ಟ ಒಂದು ಒಳ್ಳೆಯ ಮೈಕು ಕೇಳುಗನಂತೆ ಕೂತು ಕೇಳುತ್ತದೆ. ಬುರುಡೆಗೆ ಅಂಟಿದ ಬಿಲ್ಲೆ ಹಾಗಲ್ಲ. ಪಿಕಪ್ ಬೇಡ ಎಂಬ ನನ್ನ ಮಾತು ಎಲ್ಲ ಯಂತ್ರವೂ ಬೇಡ ಎಂಬ ಮಾತಲ್ಲ.

ಖರ್ಚಿನ ಪುಟದಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ಕಿವಿಯ ಖರ್ಚು. ಈ 20 ವರ್ಷದಲ್ಲಿ ನಮ್ಮ ಜಾತ್ರೆಗಳ, ಮದುವೆ ಮನೆಗಳ, ಗಣೇಶನ ಪೆಂಡಾಲುಗಳ ಸದ್ದು ಏರಿದ ಪರಿ ನೋಡಿದರೆ, ತಂಬೂರಿಯಂಥ ವಾದ್ಯ ನಾಚಿ ಮೂಲೆ ಸೇರಿದ್ದರಲ್ಲಿ ಆಶ್ಚರ್ಯವಿಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದೆಂದು 2000ನೇ ಇಸವಿಯ ನಿಯಮಗಳಿವೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂಬ ಮಿತಿಯೂ ಇದೆ. ಇಡೀ ರಾತ್ರಿಯ ಕಾವ್ಯ ಮೈಕಿಗೆ ಒಗ್ಗಿಕೊಂಡ ಮೇಲೆ ಹತ್ತು ಗಂಟೆಗೆ ಮುಗಿಯುವ ಕಾರ್ಯಕ್ರಮವಾಯಿತು. ಎರಡು ಗಂಟೆಯ ಅವಧಿಗೆ ತಕ್ಕಂತೆ ಸಾಲುಗಳನ್ನು ಕತ್ತರಿಸಿದರು. ಕತ್ತರಿಸಿದ್ದನ್ನಷ್ಟೇ ಕಿರಿಯರು ಕಲಿತರು. ಮೈಕು ಸದ್ದನ್ನು ಉದ್ದ ಮಾಡಿತು, ಕಥೆಯನ್ನು ಮೊಟಕು ಮಾಡಿತು. ಈ ಕೊಂಡಿ ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು.

ಇನ್ನೊಂದು ಖರ್ಚು ಕೈಯದು. ಸ್ಪೀಕರಿದ್ದರೆ ಜೋರಾಗಿ ಮೀಟಬೇಕಿಲ್ಲ, ಮೆಲ್ಲಗೆ ಮೀಟಬೇಕೆಂಬ ಎಚ್ಚರವೂ ಬೇಕಿಲ್ಲ. ಶ್ರುತಿಗೆ ಬೆಂಗಳೂರಿನ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ಪೆಟ್ಟಿಗೆ ಇದೆ, ಈಗ ಮೊಬೈಲೂ ಸಾಕು. ನಾನು ಅದನ್ನು ದೂರುವುದಿಲ್ಲ. ಒಂಟಿಯಾಗಿ ಸಾಧನೆ ಮಾಡುವ ಮಕ್ಕಳಿಗೆ ಅದು ದೊಡ್ಡ ಆಸರೆ. ಆದರೆ ಬಿರಡೆ ತಿರುಗಿಸಿ, ಕಿವಿಯಿಟ್ಟು, ಇನ್ನೂ ಕೂದಲೆಳೆಯಷ್ಟು ಏರಬೇಕು ಎಂದು ಗೊತ್ತಾಗುವ ಆ ಗಳಿಗೆಯನ್ನು ಗುಂಡಿ ಒತ್ತಿ ಪಡೆಯಲಾಗದು. ಪಿಕಪ್ಪಿಲ್ಲದ ಗಿಟಾರು ನನಗೆ ಕಲಿಸಿದ್ದು ಅದೇ. ಮಂಡ್ಯದ ಮನೆಯ ಪಡಸಾಲೆಯಲ್ಲಿ ಸಂಜೆ ನುಡಿಸಲು ಕೂತರೆ ಮೊದಲ ಐದು ನಿಮಿಷ ಬೀದಿಯ ಸದ್ದೇ ಗೆಲ್ಲುತ್ತದೆ. ಆಮೇಲೆ ಕಿವಿ ಇಳಿಯುತ್ತ ಬರುತ್ತದೆ. ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತವರು ಅಲ್ಲಿಂದ ಕೇಳದೆ ಬಂದು ಪಕ್ಕದಲ್ಲಿ ಕೂರುತ್ತಾರೆ.

ಲೆಕ್ಕ ನೋಡಿದ ಮೇಲೆ ನಾವು ಗೊತ್ತು ಮಾಡಿಕೊಂಡದ್ದು ಇಷ್ಟು. ಬರುವ ವರ್ಷದ ಕಥೆಗೆ ಶಾಮಿಯಾನ ಇಲ್ಲ, ಸ್ಪೀಕರಿಲ್ಲ, ಕುರ್ಚಿಯೂ ಇಲ್ಲ. ಮಳವಳ್ಳಿ ತಾಲ್ಲೂಕಿನ ಒಂದು ಹಟ್ಟಿಯವರು ತಮ್ಮ ಅಂಗಳ ಕೊಡುವುದಾಗಿ ಹೇಳಿದ್ದಾರೆ. ಜಮಖಾನ ಹಾಸಿದರೆ 80 ಜನ ಕೂರಬಹುದು. ಎಲ್ಲ ಬೀದಿಯವರಿಗೂ ನಾವೇ ಮನೆಮನೆಗೆ ಹೋಗಿ ಕರೆಯುತ್ತೇವೆ, ಬಂದವರೆಲ್ಲ ಅದೇ ಜಮಖಾನದ ಮೇಲೆ ಕೂರುತ್ತಾರೆ. ಮಾರು ದೂರದಲ್ಲಿ ಧ್ವನಿಮುದ್ರಣಕ್ಕೆ ಒಂದು ಮೈಕು ಇರುತ್ತದೆ; ಅದರ ವೈರು ಯಾವ ಸ್ಪೀಕರಿಗೂ ಹೋಗುವುದಿಲ್ಲ. ಕಥೆ ಇಡೀ ರಾತ್ರಿ. ಅದೇ ಹಿರಿಯರಿಗೆ ಫೋನು ಮಾಡಿ ಹೇಳಿದೆ. ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ, “ತಂತಿ ಹಳೇದಾಗದೆ ಬುದ್ಧಿ, ಹೊಸದು ಹಾಕುಸ್ಕೊಂಡು ಬತ್ತೀನಿ” ಅಂದರು.